ಅತ್ತೆ ಜೊತೆ ಕೂತು ಕೌದಿ ಹೊಲಿಯೋದು ಹೆಂಗೆ, ಚಳಿಗಾಲದಲ್ಲಿ ಮನೆಯವರ ಕೆಮ್ಮು ದಮ್ಮು ನೋಡ್ಕೊಳ್ಳೋದು ಹೆಂಗೆ

ದೀಪಾವಳಿ ಕಳೆದು ಹಟ್ಟಿ ಲಕ್ಕವ್ವನ್ನ ಎತ್ತಿದ್ರೆ ಸಾಕು, ನಮ್ಮ ದಾವಣಗೆರೆಲಿ ಬೆಳಗಿನ ಗಾಳಿನೇ ಬೇರೆ ಆಗಿಬಿಡುತ್ತೆ. ಮಲೆನಾಡಿನ ಥಂಡಿ ಅಲ್ಲ ನಮ್ದು, ಒಣ ಚಳಿ, ಬೆಳಿಗ್ಗೆ 14-15 ಡಿಗ್ರಿ ಇದ್ರೆ ಮಧ್ಯಾಹ್ನ 29-30, ವಯಸ್ಸಾದವ್ರಿಗೆ ಸಣ್ಣ ಮಕ್ಕಳಿಗೆ ಈ ಏರಿಳಿತನೇ ತಡಕೊಳ್ಳಕ್ಕಾಗಲ್ಲ, ಅದರ ಜೊತೆಗೆ ಅದೇ ಟೈಮಿಗೆ ಸುತ್ತಲ ಹಳ್ಳಿಲೆಲ್ಲ ಮೆಕ್ಕೆಜೋಳ ಬಿಡಿಸೋ ಮಷಿನ್ ಓಡ್ತಿರ್ತಾವೆ, ರೋಡ್ ಮೇಲೇ ಕಾಳು ಹರವಿರ್ತಾರೆ, ಧೂಳು ಅಂದ್ರೆ ಧೂಳು. ಕೆಮ್ಮು ಶುರುವಾಗೋದೇ ಆವಾಗ.

ನಮ್ಮ ಅತ್ತೆಗೆ ಈಗ 71. ಚಳಿ ಬಂತು ಅಂದ್ರೆ ಸ್ವೆಟರ್ ಹಾಕ್ಕೊಂಡು ಟೋಪಿ ಹಾಕ್ಕೊಂಡು ಒಳಗಿನ ರೂಮಲ್ಲಿ ಮೂಲೆ ಹಿಡಿದು ಕೂತುಬಿಡೋರು, ಊಟ ಕಮ್ಮಿ, ಮಾತು ಕಮ್ಮಿ, ಮಂಡಿ ಇನ್ನೂ ಬಿಗಿ. ನಾವು ಕಷಾಯ, ಕಾದ ನೀರು, ಸ್ವೆಟರ್ ಮೇಲೆ ಸ್ವೆಟರ್ ಅಂತ ಎಲ್ಲಾ ಮಾಡಿದ್ವಿ, ಆದ್ರೆ ಅವ್ರನ್ನ ಆ ಮೂಲೆಯಿಂದ ಎಬ್ಬಿಸಿದ್ದು ಕೌದಿ, ಅಂದ್ರೆ ಹಳೇ ಸೀರೆ ಬಟ್ಟೆ ಪದರ ಪದರ ಇಟ್ಟು ಕೈಯಲ್ಲಿ ಹೊಲಿಯೋ ಹೊದಿಕೆ. ಟೆರೇಸ್ ಮೇಲೆ ಬಿಸಿಲಿಗೆ ಕೂತು, ಕೈಯಲ್ಲಿ ಸೂಜಿ ಹಿಡಿದು, ಪಕ್ಕದಲ್ಲಿ ಮಾತಾಡೋಕೆ ಒಬ್ರು ಇದ್ರೆ ಹಿರಿಯರಿಗೆ ಅದಕ್ಕಿಂತ ಒಳ್ಳೇ ಚಳಿಗಾಲ ಇಲ್ಲ ಅನ್ನೋದು ನನ್ನ ಅನುಭವ. ಆದ್ರೆ ಸರಿಯಾಗಿ ತಯಾರಿ ಮಾಡ್ಕೊಳ್ಳದೆ ಶುರು ಮಾಡಿದ್ರೆ ಅದೇ ಕೌದಿ ದಮ್ಮು ಎಬ್ಬಿಸುತ್ತೆ, ನಮ್ಮನೇಲಿ ಹಂಗೇ ಆಗಿದ್ದು, ಅದಕ್ಕೇ ಇಷ್ಟು ಉದ್ದ ಬರೀತಿದೀನಿ.

ಮೊದಲನೇ ವರ್ಷ ಟ್ರಂಕಲ್ಲಿದ್ದ ಹಳೇ ಸೀರೆಗಳನ್ನ ತೆಗೆದು ಹಂಗಂಗೇ ಹರಿದು ಹೊಲಿಯೋಕೆ ಕೂತ್ವಿ. ಹತ್ತು ಹದಿನೈದು ವರ್ಷದ ಧೂಳು, ಮೇಲೆ ನುಸಿಗುಳಿಗೆ ವಾಸನೆ. ನಾಲ್ಕೇ ದಿನಕ್ಕೆ ಅತ್ತೆಗೆ ರಾತ್ರಿ ಕೆಮ್ಮು ಶುರುವಾಯ್ತು, ಮಧ್ಯರಾತ್ರಿ ಎರಡು ಮೂರು ಗಂಟೆಗೆ ಎದ್ದು ಕೂತು ಕೆಮ್ಮೋರು, ಎದೆಯಲ್ಲಿ ಸಿಳ್ಳೆ ಹೊಡೆದಂಗೆ ಸೌಂಡು. ನಾವು ನೆಗಡಿ ಇಳಿದಿದೆ ಅಂತ ಮೂರು ವಾರ ಶುಂಠಿ ಮೆಣಸು ಕಷಾಯದಲ್ಲೇ ಕಳೆದ್ವಿ, ಕೊನೆಗೆ ಒಂದು ರಾತ್ರಿ ಮಾತಾಡೋಕೂ ಉಸಿರು ಸಾಲದೆ ಆಟೋದಲ್ಲಿ ಕರ್ಕೊಂಡು ಓಡಿದ್ವಿ. ಅದು ಆಸ್ತಮಾ ಅಂತ ಆವತ್ತೇ ಗೊತ್ತಾಗಿದ್ದು. ಮೊದಲನೇ ವಾರದಲ್ಲೇ ತೋರಿಸಬೇಕಿತ್ತು, ಆ ತಪ್ಪು ನಮ್ದೇ.

ಹಾಗಾಗಿ ಕೌದಿಯ ಮೊದಲನೇ ಕೆಲಸ ಸೂಜಿ ದಾರ ಅಲ್ಲ, ಒಗೆಯೋದು. ಹಳೇ ಕಾಟನ್ ಸೀರೆ, ಪಂಚೆ, ಲುಂಗಿ ಎಲ್ಲಾ ಒಟ್ಟು ಮಾಡಿ, ಆ ಟ್ರಂಕು ಬೀರು ಕ್ಲೀನ್ ಮಾಡೋವಾಗ ದಮ್ಮು ಇರೋರು ಆ ರೂಮಲ್ಲೇ ಇರಬಾರದು, ಬೇರೆಯವರು ಮೂಗಿಗೆ ಬಟ್ಟೆ ಕಟ್ಕೊಂಡು ತೆಗೀಬೇಕು. ಆಮೇಲೆ ಕೈ ಇಡೋಕೆ ಆಗದಷ್ಟು ಬಿಸಿ ನೀರಲ್ಲಿ ಸೋಪಿನ ಪುಡಿ ಹಾಕಿ ನೆನೆಸಿ ಒಗೀರಿ, ಹಾಸಿಗೆ ಬಟ್ಟೆಲಿ ಕಣ್ಣಿಗೆ ಕಾಣದ ಧೂಳಿನ ಹುಳ ಇರ್ತಾವಲ್ಲ ಅವು 55-60 ಡಿಗ್ರಿ ನೀರಿಗೆ ಸಾಯ್ತಾವೆ, ತಣ್ಣೀರಿಗೆ ಸಾಯಲ್ಲ. ಎರಡು ದಿನ ಬಿಸಿಲಿಗೆ ಹಾಕಿ ಮಗುಚಿ ಮಗುಚಿ ಒಣಗಿಸಿ. ನುಸಿಗುಳಿಗೆ ವಾಸನೆ ಸ್ವಲ್ಪ ಉಳಿದಿದ್ರೂ ಮತ್ತೊಂದು ಸಲ ಒಗೀರಿ. ಮನೇಲಿ ಬಾಣಂತಿ ಕೂಸು ಇದ್ರಂತೂ ನುಸಿಗುಳಿಗೆ ಹಾಕಿಟ್ಟ ಬಟ್ಟೇಲಿ ಸುತ್ತಲೇಬೇಡಿ, ಕೆಲವು ಮಕ್ಕಳಿಗೆ ಹುಟ್ಟಿನಿಂದ ಒಂದು ಎಂಜೈಮ್ ಕಮ್ಮಿ ಇರುತ್ತೆ, ಅಂಥವ್ರಿಗೆ ಅದರ ಹೊಗೆಯಿಂದ ರಕ್ತದ ಕಣ ಒಡೆದು ಕಾಮಾಲೆ ಏರಿಬಿಡುತ್ತೆ.

ಬಟ್ಟೆ ಆರಿಸೋದ್ರಲ್ಲಿ ಅತ್ತೆ ಮಾತೇ ಕೊನೇದು ನಮ್ಮನೇಲಿ. ವಾಯಿಲ್ ಸೀರೆ, ಉಟ್ಟು ಉಟ್ಟು ಮೆತ್ತಗಾಗಿರೋ ಕಾಟನ್ ಸೀರೆ ಇವು ಚಿನ್ನ. ಜಾರ್ಜೆಟ್, ಪಾಲಿಸ್ಟರ್ ಬೇಡ, ಒಳಗೆ ಜಾರ್ತಾವೆ, ಬೆವರೂ ಹೀರಲ್ಲ. ಲೆಕ್ಕ ಹಿಂಗೆ: ಸೀರೆ ಐದೂವರೆ ಮೀಟರ್ ಇರುತ್ತೆ, ಅದನ್ನ ಉದ್ದಕ್ಕೆ ಮೂರು ಮಡಿಕೆ ಮಾಡಿದ್ರೆ ಸರಿಯಾಗಿ ಆರು ಅಡಿ ಉದ್ದ ಬರುತ್ತೆ, ಅಗಲ ಮೂರೂ ಮುಕ್ಕಾಲು ಅಡಿ, ಒಬ್ಬರಿಗೆ ಹೊದೆಯೋಕೆ ಸಾಕು. ಆ ಮಡಿಕೆ ನಡುವೆ ಪಂಚೆ ತುಂಡು, ಮಕ್ಕಳ ಹಳೇ ಫ್ರಾಕು ಶರ್ಟು ಬಿಚ್ಚಿ ಹರವಿ, ಒಟ್ಟು ಐದು ಇಲ್ಲಾ ಆರು ಪದರ. ಅದಕ್ಕಿಂತ ಜಾಸ್ತಿ ಮಾಡಿದ್ರೆ ಸೂಜಿ ಇಳಿಯಲ್ಲ, ಮುಂದೆ ಒಗೆಯೋಕೂ ಆಗಲ್ಲ, ನೆಂದ ಕೌದಿ ಎತ್ತಿ ನೋಡಿದವ್ರಿಗೆ ಗೊತ್ತು ಅದರ ಭಾರ. ಬಟನ್ನು, ಹುಕ್ಕು, ಜಿಪ್ಪು ಎಲ್ಲಾ ಕತ್ತರಿಸಿ ತೆಗೀರಿ.

ಆಮೇಲೆ ಹರವೋದು, ಇಲ್ಲಿ ಅವಸರ ಮಾಡಿದ್ರೆ ಇಡೀ ಕೌದಿ ಕೆಡುತ್ತೆ. ನೆಲದ ಮೇಲೆ ಚಾಪೆ ಹಾಕಿ ಸೀರೆ ಹರವಿ, ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಒತ್ತಿ ಒತ್ತಿ ಸವರ್ತಾ ಹೋಗಿ, ಒಂದೊಂದು ಪದರಕ್ಕೂ ಹಂಗೇ ಮಾಡಿ. ಎಲ್ಲಾ ಆದ್ಮೇಲೆ ಒಂದೊಂದು ಗೇಣಿಗೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಹಿಡಿಸಿಬಿಡಿ, ಕೊನೆಗೆ ಬಿಚ್ಚೋಕೆ ಗೊತ್ತಾಗ್ಲಿ ಅಂತ ಬೇರೆ ಬಣ್ಣದ ದಾರ. ನಾನು ಮೊದಲನೇ ಸಲ ಈ ಕಚ್ಚಾ ಹೊಲಿಗೆ ಯಾಕೆ ಅಂತ ಬಿಟ್ಟಿದ್ದೆ, ಅಂಚಿಂದ ಸುತ್ತ ಹೊಲಿದುಕೊಂಡು ನಡುವಿಗೆ ಬರೋಷ್ಟೊತ್ತಿಗೆ ಬಟ್ಟೆ ಎಲ್ಲಾ ಒತ್ತರಿಸಿ ನಡುವೆ ಪೂರಿ ಉಬ್ಬಿದಂಗೆ ಉಬ್ಬಿ ನಿಂತಿತ್ತು. ಅತ್ತೆ ಏನೂ ಬೈಯಲಿಲ್ಲ, "ಬಿಚ್ಚವ್ವ, ನಾಳೆ ಬಿಸಿಲು ಬರಲ್ವಾ" ಅಂದ್ರು. ಎಂಟು ದಿನದ ಹೊಲಿಗೆ ಇಬ್ರೂ ಕೂತು ಬಿಚ್ಚಿದ್ವಿ.

ದಾರ ದಪ್ಪ ನೂಲಿಂದು ತಗೊಳ್ಳಿ, ಮಿಷನ್ ದಾರ ಆದ್ರೆ ನಾಲ್ಕು ಎಳೆ ಹೊಸೆದು, ಮೇಣದಬತ್ತಿ ಮೇಲೆ ಒಂದು ಸಲ ಎಳೆದುಬಿಟ್ರೆ ಗಂಟು ಬೀಳಲ್ಲ. ಸೂಜಿ ಉದ್ದಂದು, ಕಣ್ಣು ದೊಡ್ಡದಿರಬೇಕು, ದಬ್ಬಳ ಬೇಡ, ತೂತು ದೊಡ್ಡದಾಗಿ ಬಟ್ಟೆ ಹರೀತಾವೆ. ಅಂಚು ಒಳಗೆ ಮಡಚಿ ಸುತ್ತ ಒಂದು ಸಾಲು, ಅದರ ಒಳಗೆ ಒಂದು ಬೆರಳು ಬಿಟ್ಟು ಮತ್ತೊಂದು ಸಾಲು, ಹಿಂಗೇ ನಡುವಿಗೆ ಬರಬೇಕು. ಒಂದು ಸಲಕ್ಕೆ ಮೂರು ನಾಲ್ಕು ಹೊಲಿಗೆ ಸೂಜಿಗೆ ಏರಿಸಿ ಎಳೆದ್ರೆ ಕೈ ಬೇಗ ಓಡುತ್ತೆ. ನಾಲ್ಕೂ ಮೂಲೆಗೆ ಬೇರೆ ಬಟ್ಟೆ ತುಂಡು ಮುಕ್ಕೋಣ ಮಡಚಿ ಕೂರಿಸಿ ಹೊಲೀರಿ, ಕೌದಿ ಯಾವಾಗ್ಲೂ ಮೂಲೆ ಹಿಡಿದೇ ಎಳೀತೀವಿ, ಮೊದಲು ಹರಿಯೋದೂ ಅಲ್ಲೇ. ದಿನಕ್ಕೆ ಒಂದು ಒಂದೂವರೆ ಗಂಟೆ ಕೂತ್ರೂ ನಮಗೆ ಐದಾರು ವಾರ ಬೇಕಾಯ್ತು, ಕಾರ್ತಿಕದಲ್ಲಿ ಶುರು ಮಾಡಿದ್ದು ಎಳ್ಳು ಅಮಾಸೆ ಹೊತ್ತಿಗೆ ಮುಗೀತು.

ಸೂಜಿಗೆ ದಾರ ಪೋಣಿಸೋ ಕೆಲಸ ನನ್ನ ಮಗಳದ್ದು. ಸ್ಕೂಲಿಗೆ ಹೋಗೋ ಮುಂಚೆ ಹತ್ತು ಸೂಜಿಗೆ ದಾರ ಪೋಣಿಸಿ ಒಂದು ಸಣ್ಣ ದಿಂಬಿಗೆ ಸಾಲಾಗಿ ಚುಚ್ಚಿಟ್ಟು ಹೋಗ್ತಾಳೆ, ಅಜ್ಜಿ ಒಂದೊಂದೇ ಕಿತ್ತು ಹೊಲೀತಾರೆ, ಸಂಜೆ ಬಂದು ಎಷ್ಟು ಸೂಜಿ ಉಳಿದಿದಾವೆ ಅಂತ ಎಣಿಸಿ "ಅಜ್ಜಿ ಇವತ್ತು ಏಳೇನಾ" ಅಂತ ಕೇಳ್ತಾಳೆ. ಎಣಿಸೋದು ಸೇಫ್ಟಿಗೂ ಬೇಕು, ಒಂದು ಸೂಜಿ ಕಮ್ಮಿ ಬಂದ್ರೂ ಹುಡುಕಿ ಸಿಗೋವರೆಗೂ ಆ ಕೌದಿ ಯಾರೂ ಮುಟ್ಟಂಗಿಲ್ಲ. ಕಣ್ಣು ಮಂಜಾಗಿರೋರಿಗೆ ಕಡು ಬಣ್ಣದ ಬಟ್ಟೆ ಮೇಲೆ ಬಿಳಿ ದಾರ ಕೊಡಿ. ಶುಗರ್ ಇರೋರಿಗೆ ಬೆರಳಿಗೆ ಅಂಗುಸ್ತಾನ ಹಾಕಲೇಬೇಕು, ಚುಚ್ಚಿದ್ದು ಗೊತ್ತಾಗಲ್ಲ, ಗಾಯ ಬೇಗ ಮಾಯಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಸಬೇಡಿ, ಕುರ್ಚಿ ಹಾಕಿ ಮುಂದೆ ಸ್ಟೂಲ್ ಮೇಲೆ ಕೌದಿ ಇಡಿ, ಅರ್ಧ ಗಂಟೆಗೊಂದು ಸಲ ಎಬ್ಬಿಸಿ ಟೆರೇಸ್ ಮೇಲೆ ನಾಲ್ಕು ಹೆಜ್ಜೆ ನಡೆಸಿ.

ಬಿಸಿಲಿಗೆ ಎಷ್ಟೊತ್ತಿಗೆ ಕೂರಬೇಕು ಅಂದ್ರೆ ಎಲ್ಲರೂ ಎಳೆಬಿಸಿಲು ಅಂತಾರೆ. ಎಳೆಬಿಸಿಲು ಮೈ ಬೆಚ್ಚಗೆ ಮಾಡುತ್ತೆ ನಿಜ, ಆದ್ರೆ ವಿಟಮಿನ್ ಡಿ ಬೇಕು ಅಂದ್ರೆ ಸೂರ್ಯ ಮೇಲೆ ಬಂದಿರಬೇಕು, 11 ಗಂಟೆ ಆದ್ಮೇಲಿನ ಬಿಸಿಲೇ ಅದಕ್ಕೆ, ತೋಳು ಕಾಲು ತೆರೆದು ಇಪ್ಪತ್ತು ನಿಮಿಷ, ಆಮೇಲೆ ನೆರಳಿಗೆ ಸರಿದು ಹೊಲೀಬಹುದು. ಬಿಪಿ ಇರೋರನ್ನ ನಸುಕಲ್ಲಿ ವಾಕಿಂಗ್ ಕಳಿಸಬೇಡಿ. ಚಳಿಗೆ ರಕ್ತನಾಳ ಬಿಗಿಯಾಗಿ ಬಿಪಿ ಏರುತ್ತೆ, ಚಳಿಗಾಲದಲ್ಲಿ ಹಾರ್ಟ್ ಅಟ್ಯಾಕು, ಪಾರ್ಶ್ವವಾಯು ಜಾಸ್ತಿ ಆಗೋಕೆ ಅದೂ ಒಂದು ಕಾರಣ. ನಮ್ಮ ಮಾವ ಐದು ಗಂಟೆಗೇ ಕುಂದವಾಡ ಕೆರೆ ಕಡೆ ಹೋಗ್ತಿದ್ರು, ಈಗ ಏಳೂವರೆಗೆ ಬಿಸಿಲು ಬಿದ್ದ ಮೇಲೆ ಕಿವಿ ಮುಚ್ಕೊಂಡು ಹೋಗ್ತಾರೆ, ಕೆರೇಲಿ ಹಕ್ಕಿ ನೋಡ್ಕೊಂಡು ಬರ್ತಾರೆ. ಎದೆ ಹಿಂಡಿದಂಗಾಗಿ ಬೆವರು ಕಿತ್ತುಕೊಂಡ್ರೆ ಗ್ಯಾಸು ಅಂತ ಸೋಡಾ ಕುಡಿಸ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಇನ್ನು ದಮ್ಮಿನ ವಿಷಯ. ಇನ್ಹೇಲರ್ ಅಂದ್ರೆ ಅತ್ತೆ ಮೊದಲು ಒಪ್ಪಲೇ ಇಲ್ಲ, ಅಭ್ಯಾಸ ಆಗಿಬಿಡುತ್ತೆ, ಅದು ಕೊನೇ ಔಷಧಿ ಅಂತ. ಅದು ತಪ್ಪು ಕಲ್ಪನೆ. ಮಾತ್ರೆ ಮೈಯೆಲ್ಲಾ ಸುತ್ತಿ ಬರಬೇಕು, ಇನ್ಹೇಲರ್ ಸೀದಾ ಶ್ವಾಸಕೋಶಕ್ಕೆ ಹೋಗುತ್ತೆ, ಔಷಧಿ ಪ್ರಮಾಣ ತುಂಬಾ ಕಮ್ಮಿ ಸಾಕು. ಡಾಕ್ಟರು ದಿನಾ ತಗೊಳ್ಳಿ ಅಂದಿದ್ದನ್ನ ಕೆಮ್ಮು ನಿಂತ ತಕ್ಷಣ ನಿಲ್ಲಿಸಬಾರದು, ಅದು ತಡೆಯೋ ಔಷಧಿ. ತಗೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗೀಬೇಕು, ಇಲ್ಲಾಂದ್ರೆ ಬಾಯಲ್ಲಿ ಬಿಳಿ ಅಗ್ರ ಬರುತ್ತೆ. ವಯಸ್ಸಾದವ್ರಿಗೆ ಒತ್ತೋದು, ಉಸಿರು ಎಳೆಯೋದು ಎರಡೂ ಒಟ್ಟಿಗೆ ಆಗಲ್ಲ, ಸ್ಪೇಸರ್ ಅಂತ ಒಂದು ಪ್ಲಾಸ್ಟಿಕ್ ಡಬ್ಬಿ ಬರುತ್ತೆ ಅದನ್ನ ಕೇಳಿ ತಗೊಳ್ಳಿ. ಮತ್ತೆ ಯಾರಿಗೇ ಆಗ್ಲಿ ಎರಡು ವಾರ ದಾಟಿ ಕೆಮ್ಮು ಉಳೀತು ಅಂದ್ರೆ ಕಫ ಪರೀಕ್ಷೆ ಮಾಡಿಸಿ, ಟಿಬಿ ಪರೀಕ್ಷೆ, ಔಷಧಿ ಎರಡೂ ಸರ್ಕಾರಿ ಆಸ್ಪತ್ರೇಲಿ ಪುಕ್ಕಟೆ.

ಮಕ್ಕಳಿಗೆ ನೆಗಡಿ ಬಂದಾಗ ಜ್ವರ ಎಷ್ಟು ಅನ್ನೋದಕ್ಕಿಂತ ಉಸಿರು ಎಣಿಸಿ ನೋಡೋದು ಕಲೀರಿ, ನಿಜವಾಗ್ಲೂ ಹೇಳ್ತೀನಿ ಇದು ಎಲ್ಲಾ ತಾಯಂದಿರಿಗೂ ಗೊತ್ತಿರಬೇಕು. ಮಗು ಅಳದೆ ಸುಮ್ಮನಿದ್ದಾಗ ಅಂಗಿ ಎತ್ತಿ, ಹೊಟ್ಟೆ ಏರಿಳಿಯೋದನ್ನ ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗಿನ ಮಗುವಿಗೆ 50, ಒಂದರಿಂದ ಐದು ವರ್ಷದವ್ರಿಗೆ 40, ಇಷ್ಟು ಮುಟ್ಟಿದ್ರೆ ಇಲ್ಲಾ ದಾಟಿದ್ರೆ, ಇಲ್ಲಾ ಉಸಿರು ಎಳೆದಾಗ ಪಕ್ಕೆ ಕೆಳಗೆ ಗುಳಿ ಬೀಳ್ತಿದ್ರೆ, ಅವತ್ತೇ ಡಾಕ್ಟರ್ ಹತ್ರ ಹೋಗಬೇಕು, ನ್ಯುಮೋನಿಯಾ ಇರಬಹುದು. ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಬೇಡಿ. ಬರೀ ನೆಗಡಿಗೆ ಮೆಡಿಕಲ್ ಶಾಪಲ್ಲಿ ಆಂಟಿಬಯೋಟಿಕ್ ಕೇಳಿ ತಗೊಳ್ಳೋದು ಬೇಡ, ನೆಗಡಿ ವೈರಸ್ಸಿಗೆ ಅದು ಕೆಲಸನೇ ಮಾಡಲ್ಲ. ಬಿಸಿನೀರಿನ ಪಾತ್ರೆ ಮೇಲೆ ಮಕ್ಕಳನ್ನ ಬಗ್ಗಿಸಿ ಹಬೆ ಕೊಡಿಸೋದೂ ಬೇಡ, ಚೆಲ್ಲಿ ಸುಟ್ಟುಕೊಳ್ತಾರೆ.

ಸ್ನಾನದ ಮನೇಲಿ ಗ್ಯಾಸ್ ಗೀಸರ್ ಇದ್ರೆ ಇದನ್ನ ಓದಿ. ಚಳಿ ಅಂತ ಕಿಟಕಿ ಎಲ್ಲಾ ಮುಚ್ಚಿ ಸ್ನಾನಕ್ಕೆ ನಿಂತ್ರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ತಲೆಸುತ್ತು ಬಂದು ಒಳಗೇ ಬಿದ್ದುಬಿಡ್ತಾರೆ. ಗೀಸರ್ ಹೊರಗೆ ಹಾಕಿಸಿ, ಅದು ಆಗೋವರೆಗೂ ಬಕೆಟ್ ತುಂಬಿಸ್ಕೊಂಡು ಗೀಸರ್ ಆಫ್ ಮಾಡಿ ಆಮೇಲೆ ಒಳಗೆ ಹೋಗಿ. ಹಳ್ಳಿ ಮನೇಲಿ ರಾತ್ರಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕ್ಕೊಂಡು ಮಲಗೋದೂ ಅಷ್ಟೇ ಡೇಂಜರ್. ಸ್ನಾನ ಆದ್ಮೇಲೆ ಮೈ ಹಸಿ ಇದ್ದಾಗಲೇ ಕೊಬ್ಬರಿ ಎಣ್ಣೆ ಸವರಿದ್ರೆ ಚರ್ಮ ಒಡೆಯಲ್ಲ.

ಊಟಕ್ಕೆ ನಾವು ಈ ಎರಡು ತಿಂಗಳು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿಪುಡಿ, ಅವರೆಕಾಳು ಸಾರು. ಸಂಜೆ ಮಂಡಕ್ಕಿ ಒಗ್ಗರಣೆ ಪರವಾಗಿಲ್ಲ, ದಮ್ಮು ಇರೋರಿಗೆ ರಾತ್ರಿ ಹೊತ್ತು ಮಿರ್ಚಿ ಬೇಡ, ಹುಳಿತೇಗು ಮೇಲೆ ಬಂದ್ರೂ ಕೆಮ್ಮು ಬರುತ್ತೆ.

ಮೊದಲನೇ ಕೌದಿ ಮುಗಿದ ದಿನ ಮಕ್ಕಳು ಅದನ್ನ ಹೊದ್ಕೊಂಡು ಟೆರೇಸ್ ಹತ್ತಿದ್ರು. ಡಿಸೆಂಬರಲ್ಲಿ ರಾತ್ರಿ ಎಂಟೂವರೆಗೆಲ್ಲ ಪೂರ್ವಕ್ಕೆ ನೋಡಿದ್ರೆ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜ ಕಾಣುತ್ತೆ, ನಡುವಿನ ಮೂರು ನಕ್ಷತ್ರದ ಸಾಲು ಹಿಡಿದು ಕೆಳಗೆ ಬಂದ್ರೆ ಲುಬ್ಧಕ, ಮೇಲೆ ಹೋದ್ರೆ ಕೆಂಪಗಿರೋ ರೋಹಿಣಿ, ಅದರಾಚೆ ಗುಂಪಾಗಿ ಕೃತ್ತಿಕೆ. 13-14ನೇ ತಾರೀಖಿನ ಆಸುಪಾಸು ಉಲ್ಕೆ ಬೀಳೋದೂ ಜಾಸ್ತಿ ಇರುತ್ತೆ. ಚಿತ್ರದುರ್ಗದ ಕಡೆಯವ್ರಿಗೆ ಊರ ಲೈಟ್ ದಾಟಿ ಸ್ವಲ್ಪ ಆಚೆ ಹೋದ್ರೆ ಇನ್ನೂ ಚೆನ್ನಾಗಿ ಕಾಣುತ್ತೆ. ಅತ್ತೆನೂ ಕಿವಿಗೆ ಬಟ್ಟೆ ಕಟ್ಕೊಂಡು ಹತ್ತು ನಿಮಿಷ ಬಂದು ಕೂತಿದ್ರು, ಕೃತ್ತಿಕೆ ತೋರಿಸಿದ್ದು ಅವರೇ.

ತವರಿಂದ ಬಂದ ಚಳ್ಳಕೆರೆ ಕಂಬಳಿ ಇದ್ರೆ ಸೀದಾ ಮೈಗೆ ಹೊದೀಬೇಡಿ, ಕೆಳಗೆ ಕೌದಿ ಹಾಕ್ಕೊಂಡು ಮೇಲೆ ಕಂಬಳಿ ಹೊದ್ರೆ ಚುಚ್ಚಲ್ಲ, ಉಣ್ಣೆ ಎಳೆ ಮೂಗಿಗೂ ಬರಲ್ಲ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋದ ಮೇಲೆ ಕೌದಿನ ಮತ್ತೆ ಬಿಸಿನೀರಲ್ಲಿ ಒಗೆದು, ಇಬ್ರು ಎರಡು ಕಡೆ ಹಿಡಿದು ಹಿಂಡಿ, ಮೂರು ದಿನ ಒಣಗಿಸಿ, ನಡುವಿನ ಪದರ ಮುಟ್ಟಿ ತಣ್ಣಗಿಲ್ಲ ಅಂತ ನೋಡ್ಕೊಂಡೇ ಮಡಚಿ. ನುಸಿಗುಳಿಗೆ ಬದಲು ನೆರಳಲ್ಲಿ ಒಣಗಿಸಿದ ಬೇವಿನ ಸೊಪ್ಪನ್ನ ತೆಳು ಬಟ್ಟೇಲಿ ಕಟ್ಟಿ ಪದರದ ನಡುವೆ ಇಡಿ, ಮಳೆಗಾಲ ಮುಗಿದಾಗ ಒಂದು ಸಲ ತೆಗೆದು ಬಿಸಿಲಿಗೆ ಹಾಕಿ.