ಹಿಂದೆ ಎತ್ತರ ಮಾಡ್ಸಿ ಸ್ಟೀರಿಂಗ್ ಕೆಡಿಸ್ಕೊಂಡೆ: ನನ್ನ ಓಮ್ನಿ ಕ್ಯಾಂಪರ್ ಅನುಭವ

ನಂದು 2014ರ ಓಮ್ನಿ. ಹಿಂದಿನ ಸೀಟೆಲ್ಲಾ ಬಿಚ್ಚಿ ಪ್ಲೈವುಡ್ ಮಂಚ, ಅಡುಗೆ ಕಟ್ಟೆ, 150 ಎಎಚ್ ಟ್ಯೂಬುಲರ್ ಬ್ಯಾಟರಿ, 20 ಲೀಟರಿಂದು ಎರಡು ನೀರಿನ ಕ್ಯಾನ್ ಎಲ್ಲಾ ಹಾಕಿ ಮಲಗೋ ಗಾಡಿ ಮಾಡ್ಕೊಂಡೆ. ಡಿಕ್ಕಿ ತೆಗೆದ ತಕ್ಷಣ ಕೈಗೆ ಸಿಗ್ಲಿ ಅಂತ ಬ್ಯಾಟರಿ ನೀರು ಎರಡನ್ನೂ ಕಟ್ಟಕಡೆಗೆ, ಅಂದ್ರೆ ಹಿಂದಿನ ಆಕ್ಸಲ್‌ಗಿಂತ (ಚಕ್ರದ ಅಚ್ಚು) ಹಿಂದಕ್ಕೆ ಇಟ್ಟಿದ್ದೆ. ಗಾಡಿ ಕುಕ್ಕರುಗಾಲಲ್ಲಿ ಕೂತಂಗೆ ಕಾಣ್ತಿತ್ತು, ಹಂಪ್ ಸಿಕ್ಕಿದ್ರೆ ದಡ್!

ಓಮ್ನಿಗೆ ಮುಂದೆ ಸ್ಟ್ರಟ್ (ಸುರುಳಿ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗೆ ಇರೋದು), ಹಿಂದೆ ಲೀಫ್ ಸ್ಪ್ರಿಂಗ್, ಅಂದ್ರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟ್‌ಗಳು. ಲಾರಿ ಪ್ಲೇಟ್ ಕೆಲಸ ಮಾಡೋ ಅಂಗಡಿಗೆ ಹೋದ್ರೆ "ಆಕಡೆ ಈಕಡೆ ಒಂದೊಂದು ಪ್ಲೇಟ್ ಜಾಸ್ತಿ ಕೊಡ್ತೀನಿ ಸಾರ್, ಕಲ್ಲು ತುಂಬಿದ್ರೂ ಬಗ್ಗಲ್ಲ" ಅಂದ. ನಿಜ, ಬಗ್ಗಲಿಲ್ಲ. ಸಾಮಾನೆಲ್ಲಾ ತುಂಬಿ ಟೇಪ್ ಹಿಡಿದು ನೋಡಿದ್ರೂ ಕಂಪನಿ ಹೈಟ್‌ಗಿಂತ 40 ಎಂಎಂ ಮೇಲಿತ್ತು.

ಹಾಸನ ರೋಡಲ್ಲಿ 70 ದಾಟಿದ ಮೇಲೆ ಶುರುವಾಯ್ತು ನೋಡಿ. ಸ್ಟೀರಿಂಗ್ ಹಗುರ, ಆದ್ರೆ ನೆಟ್ಟಗೆ ನಿಲ್ಲಲ್ಲ, ತಿರುವು ಮುಗಿದ್ಮೇಲೆ ತಾನಾಗೇ ವಾಪಸ್ ಬರೋದು ಕಮ್ಮಿ ಆಗಿತ್ತು, ಪಕ್ಕದಲ್ಲಿ ಬಸ್ ಹೋದ್ರೆ ಗಾಡಿ ಒಂದು ಮೊಳ ಆಚೆ. ಸೈಕಲ್ ಕೈ ಬಿಟ್ರೂ ನೆಟ್ಟಗೆ ಹೋಗೋಕೆ ಅದರ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರೋದೂ ಒಂದು ಕಾರಣ ತಾನೇ, ಕಾರಲ್ಲಿ ಆ ವಾಲುವಿಕೆಗೆ ಕ್ಯಾಸ್ಟರ್ ಅಂತಾರೆ. ಓಮ್ನಿ ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರದ ನಡುವಿನ ಅಂತರ) ಬರೀ 1840 ಎಂಎಂ, ಹಿಂದೆ 40 ಎತ್ತಿದ್ರೆ ಇಡೀ ಬಾಡಿ ಹೆಚ್ಚುಕಮ್ಮಿ 1.25 ಡಿಗ್ರಿ ಮುಂದಕ್ಕೆ ವಾಲುತ್ತೆ, ಕ್ಯಾಸ್ಟರ್ ಅಷ್ಟೇ ಕಮ್ಮಿ ಆಗುತ್ತೆ. ಉದ್ದ ಗಾಡಿಯಾಗಿದ್ರೆ ಇಷ್ಟು ಆಗ್ತಿರಲಿಲ್ಲ.

ಚಾರ್ಮಾಡಿಲಿ ಮಳೆ ಬೇರೆ. ಒಂದು ಹೇರ್‌ಪಿನ್‌ನಲ್ಲಿ ಹಿಂಭಾಗ ಸುಯ್ ಅಂತ ಜಾರಿತು, ಹೆಂಡ್ತಿ ಕೈಲಿದ್ದ ಚುರುಮುರಿ ಡ್ಯಾಶ್‌ಬೋರ್ಡ್ ತುಂಬಾ. ಹಿಂದಿನ ಸ್ಪ್ರಿಂಗ್ ಗಟ್ಟಿ ಆದಷ್ಟೂ ತಿರುವಲ್ಲಿ ಗಾಡಿ ವಾಲೋದನ್ನ ತಡೆಯೋ ಕೆಲಸ ಜಾಸ್ತಿ ಹಿಂದಕ್ಕೇ ಬೀಳುತ್ತೆ, ಹಿಂದಿನ ಹೊರಗಿನ ಟೈರ್ ಮೇಲೆ ಭಾರ ಏರಿ ಒಳಗಿಂದು ಸಡಿಲ ಆಗುತ್ತೆ, ಅಲ್ಲಿಗೆ ಗ್ರಿಪ್ ಮೊದಲು ಹಿಂದೆನೇ ಹೋಗುತ್ತೆ. ಅದೂ ರಿಯರ್ ವೀಲ್ ಡ್ರೈವ್ (ಇಂಜಿನ್ ಹಿಂದಿನ ಚಕ್ರ ತಿರುಗಿಸೋ) ಗಾಡಿ, 145 ಎಂಎಂ ಅಗಲದ ಟೈರು.

ವಾಪಸ್ ಬಂದು ಮೊದಲು ಪ್ಲೇಟ್ ತೆಗೆಸ್ದೆ (ಕೊಟ್ಟ ದುಡ್ಡು ಹೊಳೇಲಿ ಹುಣಸೆಹಣ್ಣು). ಬ್ಯಾಟರಿ, ನೀರು ಎರಡನ್ನೂ ಡ್ರೈವರ್ ಸೀಟ್ ಹಿಂದೆ, ಎರಡು ಆಕ್ಸಲ್ ನಡುವೆ ಮಂಚದ ಕೆಳಗೆ ತಂದೆ. ಹಿಂದಿನ ಶಾಕ್ ಅಬ್ಸಾರ್ಬರ್ ಹೊಸದು. ಆಮೇಲೆ ಅಲೈನ್‌ಮೆಂಟ್‌ಗೆ ಹೋಗೋವಾಗ ಸಾಮಾನು ಇಳಿಸ್ಲಿಲ್ಲ, ಎತ್ತರ ಬದಲಾದ್ರೆ ಟೋ (ಮೇಲಿಂದ ನೋಡಿದ್ರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋ ಕೋನ) ಕೂಡ ಬದಲಾಗುತ್ತೆ, ಖಾಲಿ ಗಾಡಿಗೆ ಸೆಟ್ ಮಾಡ್ಸಿ ಏನು ಪ್ರಯೋಜನ.

ಈಗ ಹಿಂದೆ ಕಂಪನಿ ಹೈಟ್‌ಗಿಂತ 15 ಎಂಎಂ ತಗ್ಗಿದೆ, ಸ್ಟೀರಿಂಗ್ ಸ್ವಲ್ಪ ತೂಕ ಬಂದು ತಾನಾಗೇ ವಾಪಸ್ ಬರುತ್ತೆ. ತಿರುವಲ್ಲಿ ವಾಲೋದು ಇದ್ದೇ ಇದೆ, ನಿಧಾನಕ್ಕೆ ತಿರುಗಿಸ್ತೀನಿ. ಒಂದೇ ತೊಂದ್ರೆ ಅಂದ್ರೆ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕ್ಬೇಕಾದ್ರೆ ಹಾಸಿಗೆ ಸುತ್ತಿ ಹಲಗೆ ಎತ್ತಬೇಕು, ಆ ಕೆಲಸಕ್ಕೆ ಮನೇಲಿ ಯಾರೂ ಸಹಾಯಕ್ಕೆ ಬರಲ್ಲ.