ಬೇಗ ಬೆಳೆಯುವ ನೆರಳಿನ ಮರ: ಆರಿಸುವುದು ಹೇಗೆ?

ನರ್ಸರಿಗೆ ಹೋಗಿ ‘ಬೇಗ ನೆರಳು ಕೊಡುವ ಮರ ಬೇಕು’ ಎಂದರೆ ಯಾವುದೋ ಒಂದು ಸಸಿ ಕೈಗೆ ಬರುತ್ತದೆ. ಅದು ಬೇಗ ಬೆಳೆಯುವುದೂ ನಿಜವೇ. ಆದರೆ ಅದರ ನೆರಳು ನಿಮಗೆ ಬೇಕಾದ ಕಡೆ ಬೀಳುತ್ತದಾ? ಹತ್ತು ವರ್ಷದ ಮೇಲೆ ಆ ಮರ ನಿಮ್ಮ ಜಾಗದಲ್ಲಿ ಹಿಡಿಸುತ್ತದಾ? ಇವೆರಡನ್ನು ಮೊದಲು ತೀರ್ಮಾನಿಸಿ. ಮರದ ಹೆಸರು ಆಮೇಲೆ.

ಮೊದಲು ಬಿಸಿಲು ನೋಡಿ

ಬೇಸಿಗೆಯ ಒಂದು ದಿನ 3 ಗಂಟೆಯ ನಂತರ ಬಿಸಿಲು ಎಲ್ಲಿ ಬಡಿಯುತ್ತದೆ ಎಂದು ಗುರುತು ಹಾಕಿಕೊಳ್ಳಿ. ನಡುಬೇಸಿಗೆಯ ಮಧ್ಯಾಹ್ನ ಸೂರ್ಯ ಹೆಚ್ಚೂಕಡಿಮೆ ನೆತ್ತಿಯ ಮೇಲಿರುತ್ತಾನೆ, ಮರದ ನೆರಳು ಅದರ ಬುಡದಲ್ಲೇ ಬೀಳುತ್ತದೆ. ಸೂರ್ಯ ಇಳಿದ ಮೇಲೆ ಅದೇ ನೆರಳು ಉದ್ದಕ್ಕೆ ಚಾಚುತ್ತದೆ. ಹಾಗಾಗಿ ಮನೆ ತಂಪಾಗಬೇಕೆಂದರೆ ಪಶ್ಚಿಮಕ್ಕೆ ನೆಡಿ. ಕೂರಲು ನೆರಳು ಬೇಕೆಂದರೆ ಕೂರುವ ಜಾಗದ ಹತ್ತಿರವೇ ನೆಡಿ.

ಚಳಿಗಾಲದಲ್ಲಿ ಸೂರ್ಯ ಉತ್ತರ ಗೋಳಾರ್ಧದವರಿಗೆ ದಕ್ಷಿಣದ ಕಡೆ ತಗ್ಗಿರುತ್ತಾನೆ, ದಕ್ಷಿಣ ಗೋಳಾರ್ಧದವರಿಗೆ ಉತ್ತರದ ಕಡೆ. ಆ ದಿಕ್ಕಿಗೆ ಚಳಿಗಾಲದಲ್ಲಿ ಎಲೆ ಉದುರಿಸುವ ಮರವೇ ಒಳ್ಳೆಯದು. ಚಳಿಯಲ್ಲೂ ನೆರಳು ಯಾರಿಗೆ ಬೇಕು, ಅಲ್ವಾ?

ಬೇಗ ಬೆಳೆಯುವ ಮರಗಳ ತಕರಾರು

ದಡದಡನೆ ಬೆಳೆಯುವ ಮರಗಳ ಕಟ್ಟಿಗೆ ಸಾಮಾನ್ಯವಾಗಿ ಹಗುರ. ಗಾಳಿ ಜೋರಾದರೆ ಕೊಂಬೆ ಮುರಿಯುತ್ತದೆ. ಗುಲ್‌ಮೊಹರ್ ಕೊಡೆಯಂತೆ ಹರಡುತ್ತದೆ, ಹೂವು ಬಿಟ್ಟರೆ ನೋಡಲೂ ಚಂದ. ಆದರೆ ಬೇರು ಮೇಲುಮೇಲಕ್ಕೇ ಹೋಗುತ್ತದೆ, ಕೊಂಬೆಯೂ ಗಟ್ಟಿಯಲ್ಲ. ಕಾರು ನಿಲ್ಲಿಸುವ ಕಡೆಗಂತೂ ಬೇಡ. ಸಿಲ್ವರ್ ಓಕ್ ಎತ್ತರಕ್ಕೆ ಹೋಗುತ್ತದೆಯೇ ಹೊರತು ಅಗಲವಾಗುವುದಿಲ್ಲ, ಕೆಳಗೆ ಸಿಗುವ ನೆರಳು ಅಷ್ಟಕ್ಕಷ್ಟೇ. ಮಳೆಮರದ ಹರವು 100 ಅಡಿವರೆಗೂ ಹೋಗಬಹುದು. ಅದು ರಸ್ತೆಗೆ, ಮೈದಾನಕ್ಕೆ ಸರಿ, ಮನೆಯ ತೋಟಕ್ಕಲ್ಲ.

ಇನ್ನೊಂದು ತಕರಾರು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಬೇಗ ಬೆಳೆಯುವ ಮರ ಬೇಗ ಹಬ್ಬಲೂಬಹುದು. ನೀರುಕಾಯಿ ಮರ ಮತ್ತು ಸುಬಾಬುಲ್ ಎರಡೂ ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿವೆ. ನಮಗೆಲ್ಲ ಒಳ್ಳೆಯದೆನಿಸುವ ಬೇವು ಕೂಡ ಉತ್ತರ ಆಸ್ಟ್ರೇಲಿಯಾದಲ್ಲಿ ಕಳೆ. ನಿಮ್ಮ ಪ್ರದೇಶದಲ್ಲೇ ಹುಟ್ಟಿ ಬೆಳೆದ ಜಾತಿ ಸಿಕ್ಕರೆ ಅದನ್ನೇ ಮೊದಲು ಪರಿಗಣಿಸಿ.

ಚಳಿಯಲ್ಲಿ ಇಬ್ಬನಿ ಹೆಪ್ಪುಗಟ್ಟುವ ಕಡೆ ಗಸಗಸೆ ಹಣ್ಣಿನ ಮರ ಬಾಳುವುದು ಕಷ್ಟ. ಎಳೆಯ ಬೇವೂ ಸುಟ್ಟುಹೋಗುತ್ತದೆ. ಆ ಕಾಟ ಇಲ್ಲದಿದ್ದರೆ ನನ್ನ ಮತ ಹೊಂಗೆಗೆ. ತೀರಾ ವೇಗದ ಮರವೇನಲ್ಲ. ಆದರೆ ನೆರಳು ದಟ್ಟ, ಬರ ತಡೆಯುತ್ತದೆ, ಎಲೆ ಇಲ್ಲದೆ ನಿಲ್ಲುವುದು ಸ್ವಲ್ಪ ದಿನ ಮಾತ್ರ. ಹೂವು, ಕಾಯಿ ಉದುರುವುದು ಜಾಸ್ತಿ, ಗುಡಿಸಲು ತಯಾರಿರಬೇಕು. ಹೊಂಗೆ ಹೊರಗಿನಿಂದ ಬಂದಿರುವ ಪ್ರದೇಶವಾದರೆ ಅದು ಹಬ್ಬುತ್ತದೆಯೇ ಎಂದು ಮೊದಲು ವಿಚಾರಿಸಿ.

ಕಾಯುವ ತಾಳ್ಮೆ ಇಲ್ಲದವರಿಗೆ ಒಂದು ಉಪಾಯ ಇದೆ. ಗಟ್ಟಿ ಮರ ಒಂದು, ಸ್ವಲ್ಪ ದೂರದಲ್ಲಿ ಗಸಗಸೆ ಹಣ್ಣಿನಂಥ ಅವಸರದ ಮರ ಇನ್ನೊಂದು ನೆಡಿ. ಮೊದಲನೆಯದು ಹರಡಿಕೊಂಡ ಮೇಲೆ ಎರಡನೆಯದನ್ನು ತೆಗೆಯಿರಿ. ಹಕ್ಕಿಗಳು ಬರಲು ಶುರುವಾದ ಮೇಲೆ ಕಡಿಯಲು ಮನಸ್ಸು ಬರುವುದಿಲ್ಲ, ಅದು ಬೇರೆ ಮಾತು.

ದೂರ ಎಷ್ಟಿರಬೇಕು? ಪೂರ್ತಿ ಬೆಳೆದ ಮರದ ಹರವಿನ ಅರ್ಧದಷ್ಟಾದರೂ ಗೋಡೆಯಿಂದ ಬಿಡಿ. ಹೆಚ್ಚಿನ ಬೇರುಗಳು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ, ಕೊಂಬೆಗಳನ್ನೂ ದಾಟಿ ಹೋಗುತ್ತವೆ. ಆಲ, ಅರಳಿ, ಗೋಳಿಗಳನ್ನು ಮನೆ, ಚರಂಡಿ ಪೈಪುಗಳ ಹತ್ತಿರ ತರಲೇಬೇಡಿ. ಮೇಲೆ ವಿದ್ಯುತ್ ತಂತಿ ಇದೆಯಾ ನೋಡಿ.

ಸಸಿ ಮತ್ತು ಗುಂಡಿ

ದೊಡ್ಡ ಸಸಿ ತಂದರೆ ಬೇಗ ನೆರಳು ಎನ್ನುವುದು ಎಷ್ಟೋ ಸಲ ಸುಳ್ಳಾಗುತ್ತದೆ. ಬೇರು ಕಳೆದುಕೊಂಡ ದೊಡ್ಡ ಗಿಡ ಸುಧಾರಿಸಿಕೊಳ್ಳುವಷ್ಟರಲ್ಲಿ ಚಿಕ್ಕದು ಅದನ್ನು ಹಿಂದೆ ಹಾಕಬಹುದು. ಒಂದೇ ನೇರ ಕಾಂಡ ಇರುವ ಸಸಿ ಆರಿಸಿ. ಇಕ್ಕಟ್ಟಾದ ಕವಲಿದ್ದರೆ ಮರ ಮುಂದೆ ಸೀಳುವುದು ಅಲ್ಲಿಂದಲೇ. ಚೀಲ ಬಿಚ್ಚಿ ನೋಡಿ. ಬೇರು ಸುತ್ತಿಕೊಂಡಿದ್ದರೆ ಬಿಡಿಸಿ ಅಥವಾ ಕತ್ತರಿಸಿ, ಇಲ್ಲದಿದ್ದರೆ ಅದೇ ಮುಂದೆ ಕಾಂಡವನ್ನು ಬಿಗಿಯುತ್ತದೆ.

ಗುಂಡಿ ಬೇರಿನ ಮಣ್ಣುಂಡೆಯ ಎರಡು ಮೂರು ಪಟ್ಟು ಅಗಲವಿರಲಿ. ಆಳ ಮಾತ್ರ ಉಂಡೆಯಷ್ಟೇ ಸಾಕು. ಬೇರು ಶುರುವಾಗುವ ಜಾಗ ನೆಲದ ಮಟ್ಟದಲ್ಲೇ ಇರಬೇಕು. ಮೇಲೆ 2–4 ಇಂಚು ತರಗೆಲೆ ಹರಡಿ, ಕಾಂಡಕ್ಕೆ ತಾಗದಂತೆ. ದಿನಾ ಚಿಮುಕಿಸುವ ಬದಲು ಸಸಿ ಚಿಗುರಿದ ಮೇಲೆ ಅಂತರ ಬಿಟ್ಟು ಪಾತಿ ತುಂಬಾ ನೀರು ಕೊಡಿ. ಮೊದಲ ಎರಡು ವರ್ಷದ ನೀರೇ ಬೆಳವಣಿಗೆಯ ವೇಗವನ್ನು ಬಹುಪಾಲು ತೀರ್ಮಾನಿಸುತ್ತದೆ. ಆಸರೆ ಕೋಲು ಕಟ್ಟಿದ್ದರೆ ವರ್ಷದೊಳಗೆ ಬಿಚ್ಚಿ, ಗಾಳಿಗೆ ಅಲ್ಲಾಡಿದಷ್ಟೂ ಕಾಂಡ ದಪ್ಪವಾಗುತ್ತದೆ.

ಮರ ದೊಡ್ಡದಾಯಿತೆಂದು ತಲೆ ಕಡಿಸಬೇಡಿ. ಕಡಿದಲ್ಲಿ ಹುಟ್ಟುವ ಹೊಸ ರೆಂಬೆಗಳ ಹಿಡಿತ ಸಡಿಲ. ಗಾಳಿಗೆ ಮೊದಲು ಬೀಳುವುದು ಅವೇ.