ಸೈಕಲ್ ದಾರಿಯ ಅಡ್ಡಿಗಳನ್ನು ತೆಗೆಸುವುದು ಹೇಗೆ?

ಹಾಸನದ ಸಾಲಗಾಮೆ ರಸ್ತೆಯಲ್ಲಿ ದಿನಾ ಸೈಕಲ್ ತುಳಿಯುತ್ತೇನೆ. ಎರಡು ವರ್ಷದ ಹಿಂದೆ ಚರಂಡಿ ಜಾಲರಿಗೆ ಮುಂದಿನ ಚಕ್ರ ಸಿಕ್ಕಿ ಬಿದ್ದೆ, ಮುಂಗೈ ಮುರಿಯಿತು.

ಹಾಗಾಗಿ ಮೊದಲು ಜಾಲರಿ ನೋಡಿ. ಸರಳುಗಳು ನಾವು ಹೋಗುವ ದಿಕ್ಕಿಗೇ ಉದ್ದಕ್ಕಿದ್ದರೆ ಅಪಾಯ. ರೇಸಿಂಗ್ ಸೈಕಲ್ಲಿನ ಟೈರ್ ಸಾಮಾನ್ಯವಾಗಿ 23ರಿಂದ 28 ಮಿಲಿಮೀಟರ್ ಅಗಲ, ಸಂದಿಗೆ ಸಲೀಸಾಗಿ ಇಳಿಯುತ್ತದೆ. ಚೌಕದ ಜಾಲರಿಯಾದರೆ ಹೊಸದು ಬೇಕಿಲ್ಲ, 90 ಡಿಗ್ರಿ ತಿರುಗಿಸಿ ಕೂರಿಸಿದರೆ ಸಾಕು. ಉದ್ದದ್ದಾದರೆ ಅಡ್ಡಪಟ್ಟಿ ವೆಲ್ಡ್ ಮಾಡಿಸಬೇಕು. ನೀವೇ ಎತ್ತಲು ಹೋಗಬೇಡಿ, ಭಾರ ಜಾಸ್ತಿ.

ಕಾರು ನುಗ್ಗದಂತೆ ನೆಟ್ಟ ಕಂಬಗಳ ನಡುವೆ ಒಂದೂವರೆ ಮೀಟರ್ ಜಾಗ ಇರಲಿ, ಕಂಬಕ್ಕೆ ರಾತ್ರಿ ಹೊಳೆಯುವ ಪಟ್ಟಿಯೂ ಬೇಕು. ಹಳೇ ಬೋರ್ಡ್ ಕೊಯ್ದು ಬಿಟ್ಟ ಕಬ್ಬಿಣದ ಮೋಟು ಕತ್ತಲಲ್ಲಿ ಕಾಣುವುದೇ ಇಲ್ಲ. ಅದನ್ನು ಬುಡಸಮೇತ ಕೀಳಿಸಬೇಕು.

ಇದನ್ನೆಲ್ಲ ಮಾಡಿಸಲು ರಸ್ತೆ ನೋಡಿಕೊಳ್ಳುವ ಕಚೇರಿಗೆ ಕೊಡುವ ಅರ್ಜಿಯಲ್ಲಿ ಸುಮ್ನೆ ‘ರಸ್ತೆ ಸರಿಯಿಲ್ಲ’ ಅಂತ ಬರೆದರೆ ಪ್ರಯೋಜನ ಇಲ್ಲ. ಹತ್ತಿರದ ವಿದ್ಯುತ್ ಕಂಬದ ನಂಬರ್ ಬರೆಯಿರಿ. ಸಂದಿಗೆ ಸ್ಕೇಲ್ ಇಟ್ಟು ತೆಗೆದ ಫೋಟೊ ಲಗತ್ತಿಸಿ. ಪ್ರತಿಗೆ ಸೀಲ್ ಹಾಕಿಸಿಕೊಳ್ಳುವುದು ಮರೆಯಬೇಡಿ.

ನನ್ನನ್ನು ಬೀಳಿಸಿದ ಜಾಲರಿ ಮೂರನೇ ಅರ್ಜಿಗೆ ತಿರುಗಿತು. ಈಗ ಶಾಲೆ ಮಕ್ಕಳ ಸೈಕಲ್ಲುಗಳು ಅದರ ಮೇಲೇ ಹೋಗುತ್ತವೆ.